ತಗಡಿನ ಜಾಲಿಮರ

ತಗಡು ಕೆಲಸದವರ ಸಂತೆಯಾದ ಕಮುಕುಂಜಿಯ ಸುತ್ತಿಗೆ ಸದ್ದಿನಲ್ಲಿ ಅರ್ಧ ಆಯುಷ್ಯ ಕಳೆದ ಅವಿನೊ ಅದುವರೆಗೆ ಮಾಡಿದ್ದೆಲ್ಲ ಅಡುಗೆಮನೆ ಸೇರುವ ಸಾಮಾನುಗಳೇ. ಚಪಾತಿಯ ಕಾವಲಿ, ಉಗಾಲಿ ಮುದ್ದೆ ತೊಳಸುವ ಪಾತ್ರೆ, ಅದಿಲ್ಲದಿದ್ದರೆ ಇದ್ದಿಲ ಒಲೆಯೇ. ಹಾಸ್ಟೆಲಿಗೆ ಹೋಗುವ ಮಕ್ಕಳಿಗೆ ಟ್ರಂಕನ್ನೂ ಮಾಡುತ್ತಿದ್ದಳು, ಅದು ಮಂಚದ ಕೆಳಗೆ ಸೇರುತ್ತಿತ್ತು. ಜನ ನಿಂತು ನೋಡಲಿ ಅಂತಲೇ ಅವಳು ಮಾಡಿದ್ದು ಒಂದೇ ಒಂದು: ಹೆದ್ದಾರಿ ಪಕ್ಕದ ಶಾಪಿಂಗ್ ಮಾಲಿನ ಅಂಗಳದಲ್ಲಿ, ಕಾರುಗಳ ನಡುವೆ ನಿಂತಿರುವ ಜಾಲಿಮರ.

ಆ ಜಾಗದಲ್ಲಿ ಮೊದಲು ನಿಜವಾದ ಜಾಲಿಯೇ ಇತ್ತು. ಅದರ ಬುಡದಲ್ಲಿ ಅವಿನೊಳ ತಾಯಿ ಜೋಳ ಸುಟ್ಟು ಮಾರುತ್ತಿದ್ದಳು, ಮೇಲಿನಿಂದ ಹಿಕ್ಕೆ ಹಾಕುವ, ಮರಬು ಎಂಬ ಬೋಳುತಲೆಯ ದೊಡ್ಡ ಕೊಕ್ಕರೆಗಳಿಗೆ ದಿನವಿಡೀ ಶಾಪ ಹಾಕುತ್ತಿದ್ದಳು. ಅಂಗಳ ದೊಡ್ಡದು ಮಾಡುವಾಗ ಮಾಲಿನವರು ಮರ ಕಡಿದರು. ಕಡಿದ ಮೇಲೆ ಅವರಿಗೆ ಪರಿಸರದ ನೆನಪಾಯಿತು. ಮ್ಯಾನೇಜರ್ ಗಿಥಾಯ್ ಬೂಟು ಕೊಳೆಯಾಗದಂತೆ ಕಾಲೆತ್ತಿಡುತ್ತ ಅವಿನೊಳ ಅಂಗಡಿಗೆ ಬಂದ.

"ಗುಜರಿ ಸಾಮಾನಲ್ಲಿ ಒಂದು ಮರ ಮಾಡ್ಕೊಡಮ್ಮ. ಹೂವು ಗೀವು ಇರ್ಲಿ, ಪಳಪಳ ಅನ್ಬೇಕು. ಕೆಳಗೆ ಪರಿಸರ ಉಳಿಸಿ ಅಂತ ಬೋರ್ಡ್ ಹಾಕ್ತೀವಿ."

ಮಾಲಿನ ಮುರಿದ ತಳ್ಳುಗಾಡಿಗಳ ಜಾಲರಿಯಿಂದ ಕಾಂಡವಾಯಿತು. ಕಾರಿನ ಸೈಲೆನ್ಸರ್ ಕೊಳವೆಗಳು ಕೊಂಬೆಗಳಾದವು. ಸೋಡಾ ಡಬ್ಬಿ, ಎಣ್ಣೆ ಡಬ್ಬಿಗಳನ್ನು ಕತ್ತರಿಸಿ ಎಲೆ ಮಾಡಿದಳು. ಹೂವು ಮಾತ್ರ ಬರಲಿಲ್ಲ. ಅವಳ ಕೈಗೆ ಗೊತ್ತಿದ್ದ ಮರ ಒಂದೇ, ಅದು ತಲೆ ಚಪ್ಪಟೆಯಾದ ಆ ಹಳೇ ಜಾಲಿ. ಬುಡದಲ್ಲಿ ಮೊಳೆ ಬಡಿದು ತನ್ನ ಹೆಸರು ಕೊರೆದಳು. ಆಮೇಲೆ ಭಾನುವಾರ ಇಗರ್ಜಿ ಬಿಟ್ಟ ಕೂಡಲೇ ಮಾಲಿನ ಅಂಗಳಕ್ಕೆ ಹೋಗಿ ನಿಲ್ಲುವುದು ಅವಳಿಗೆ ರೂಢಿಯಾಯಿತು. ಅವಳು ಮರ ನೋಡುತ್ತಿರಲಿಲ್ಲ, ಮರ ನೋಡುವವರನ್ನು ನೋಡುತ್ತಿದ್ದಳು. ಆ ಸುಖ ಯಾವ ಕಾವಲಿಯಿಂದಲೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಕೊಕ್ಕರೆಗಳು ವಾಪಸು ಬಂದವು.

"ನಿನ್ನ ಮರದಲ್ಲೇ ಏನೋ ದೋಷ ಇದೆ," ಎಂದು ಗಿಥಾಯ್ ಫೋನಿನಲ್ಲಿ ಕೂಗಾಡಿದ. "ಗಿರಾಕಿಗಳ ಕಾರೆಲ್ಲ ಸುಣ್ಣ ಬಳಿದ ಹಾಗಾಗಿದೆ. ಗೂಡು ಕಟ್ಟೋಕೆ ಕಡ್ಡಿ ತರ್ತವೆ, ಕೊಳವೆ ಮೇಲೆ ನಿಲ್ಲದೆ ಅವೂ ಕಾರಿನ ಮೇಲೇ ಬೀಳ್ತವೆ. ಕೊಂಬೆಗೆಲ್ಲ ಮುಳ್ಳು ಹಾಕು. ಆಗಲ್ಲ ಅಂದ್ರೆ ಹೇಳು, ಗುಜರಿಯವನಿಗೆ ಕೊಟ್ಟು ಕೈತೊಳ್ಕೋತೀನಿ."

ಪಕ್ಕದ ಅಂಗಡಿಯ ಮುಸ್ಯೊಕಿ ಅಜ್ಜ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಕ್ಕೀನೇ ಮೋಸ ಹೋಗೋ ಹಾಗೆ ಮಾಡಿದ್ದೀಯಲ್ಲೇ ತಾಯಿ! ಇನ್ನೇನು ಬೇಕು ನಿಂಗೆ?"

"ನಗಬೇಡ ಅಜ್ಜ. ಗುಜರಿಗೆ ಹೋದ್ರೆ ಅದು ಎಲ್ಲಿಗೆ ಬರತ್ತೆ ಹೇಳು? ಇಲ್ಲಿಗೇ. ನನ್ನ ಮರಾನ ನಾನೇ ಬಡಿದು ಕಾವಲಿ ಮಾಡ್ಬೇಕಾಗತ್ತೆ."

ಅಜ್ಜನ ನಗು ನಿಂತಿತು. ಮಾಡಿಕೊಟ್ಟ ಸಾಮಾನು ದೂರು ಹೊತ್ತು ಬಂದರೆ ಮಾಡಿದವರೇ ತುಟಿಪಿಟಕ್ಕೆನ್ನದೆ ಸರಿಮಾಡಿಕೊಡಬೇಕು, ಕಮುಕುಂಜಿಯ ಕಟ್ಟಳೆಯೇ ಅದು. ಅವಿನೊ ಸರಳು ಕತ್ತರಿಸಿಕೊಂಡು ಹೋಗಿ, ಏಣಿ ಹತ್ತಿ, ಒಂದೊಂದೇ ಮುಳ್ಳನ್ನು ಬೆಸೆದಳು. ಕೊಕ್ಕರೆಗಳು ಎದುರಿನ ದೀಪದ ಕಂಬಗಳ ಮೇಲೆ ನಿವೃತ್ತ ಮೇಷ್ಟ್ರುಗಳ ಹಾಗೆ ಕೂತು ನೋಡಿದವು. ಅವಳಿಗೆ ತಲೆ ಎತ್ತಲು ನಾಚಿಕೆಯಾಯಿತು. ಮೊದಲು ಅವುಗಳ ಮರ ಕಿತ್ತುಕೊಂಡವರು ಯಾರೋ ಇರಬಹುದು, ಈಗ ಕಿತ್ತುಕೊಳ್ಳುತ್ತಿರುವುದು ತಾನೇ ಅಂತ ಸಂಕಟಪಟ್ಟಳು. ಆದರೂ ಕೆಲಸ ಅರ್ಧಕ್ಕೆ ಬಿಡಲಿಲ್ಲ.

ಕೆಲವು ವಾರಗಳ ಮೇಲೆ ಮತ್ತೆ ಕರೆ ಬಂತು. ಮುಳ್ಳು ಚುಚ್ಚಿ ಹಕ್ಕಿ ಸತ್ತಿತೇನೋ ಅಂದುಕೊಂಡು ಅವಿನೊ ಓಡಿದಳು. ಅಂಗಳದಲ್ಲಿ ಗಿಥಾಯ್ ಕೊಡೆ ಬಿಚ್ಚಿಕೊಂಡು ನಿಂತಿದ್ದ. ಮಳೆ ಇರಲಿಲ್ಲ.

"ನೋಡು, ನಿನ್ನ ಕಣ್ಣಾರೆ ನೋಡು! ಮುಳ್ಳು ಹಾಕು ಅಂದ್ರೆ ಗೂಡಿಗೆ ಗೂಟ ಹೊಡ್ದಿದ್ದೀಯಾ? ಬೇಕು ಅಂತಲೇ ಮಾಡಿದ್ದು ಅಲ್ವಾ ಇದು?"

ಬೇಕೆಂದು ಮಾಡಿದ್ದಲ್ಲ. ಆದರೆ ಆಗಿದ್ದು ಅದೇ. ನುಣುಪು ಕೊಳವೆಯ ಮೇಲೆ ನಿಲ್ಲದೆ ಜಾರುತ್ತಿದ್ದ ಕಡ್ಡಿಗಳನ್ನು ಹಕ್ಕಿಗಳು ಮುಳ್ಳುಗಳ ನಡುವೆ ಹೆಣೆದು ಬಿಗಿಮಾಡಿದ್ದವು. ಕಡ್ಡಿಯ ಜೊತೆಗೆ ಟಿವಿ ಪೆಟ್ಟಿಗೆ ಕಟ್ಟುವ ಪಟ್ಟಿ, ವೈರು, ಮುರಿದ ಹ್ಯಾಂಗರು, ಮಾಲಿನ ಹಿತ್ತಿಲಲ್ಲಿ ಬಿದ್ದದ್ದೆಲ್ಲ ಸೇರಿತ್ತು.

"ಈಗಲೇ ಹತ್ತಿ ಕಿತ್ತಾಕು," ಎಂದ ಗಿಥಾಯ್.

ಅವಿನೊ ಗರಗಸ ಹಿಡಿದು ಹತ್ತಿದಳು. ಮೊದಲ ಗೂಡಿನಲ್ಲಿ ಬೋಳು ತಲೆಯ ಎರಡು ಮರಿಗಳಿದ್ದವು. ಜಗತ್ತಿನಲ್ಲಿ ಅಷ್ಟು ಕುರೂಪದ ಮರಿಗಳು ಬೇರೆ ಇರಲಾರವು. ಅವಳನ್ನೇ ತಾಯಿ ಎಂದುಕೊಂಡು ಬಾಯಿ ತೆರೆದವು. ಅವಳು ಬರಿಗೈಯಲ್ಲಿ ಇಳಿದು ಬಂದಳು. ಗರಗಸ ಮೇಲೆಯೇ ಮರೆತಿದ್ದಳು.

"ಮರಿ ಇದಾವೆ ಸಾರ್. ನನ್ನ ಕೈಲಿ ಆಗಲ್ಲ."

"ಸರಿ, ಗುಜರಿಯವನನ್ನ ಕರೀತೀನಿ. ಅವನಿಗೆ ಮರೀನೂ ಒಂದೇ ಮರಾನೂ ಒಂದೇ."

ಗಿಥಾಯ್ ಆಗಲೇ ಫೋನು ತೆಗೆದಿದ್ದ. ಅವನು ಕೆಟ್ಟವನಲ್ಲ, ದಿನಾ ಬೆಳಗ್ಗೆ ಗಿರಾಕಿಗಳಿಂದ ಬೈಸಿಕೊಳ್ಳುವವನು ಅಷ್ಟೇ. ಅವಿನೊಗೆ ಹೊಳೆದದ್ದು ತಗಡಿನ ಕೆಲಸದವಳಿಗೆ ಹೊಳೆಯುವಂಥದ್ದೇ.

"ನಿಮ್ಗೆ ಕಾರು ಗಲೀಜಾಗ್ಬಾರ್ದು, ಅಷ್ಟೇ ತಾನೆ? ಚಪ್ಪರ ಹಾಕ್ಕೊಡ್ತೀನಿ. ಕಾಂಡ ತೂರೋ ಹಾಗೆ ನಡುವೆ ಕೊರೆದು, ಕಾರೆಲ್ಲ ಮುಚ್ಚೋ ಹಾಗೆ ತಗಡಿನ ಚಪ್ಪರ. ಬಿಸಿಲೂ ಬೀಳಲ್ಲ."

ಗಿಥಾಯ್ ಫೋನು ಕಿವಿಯಿಂದ ಇಳಿಸಿದ. ಮರದ ಕಡೆ, ಕಾರುಗಳ ಕಡೆ ನೋಡಿದ. "ಚಪ್ಪರ ಹಾಕಿದ್ರೆ ಕೆಳಗಿಂದ ಮರ ಕಾಣಲ್ವಲ್ಲಮ್ಮ?"

"ಕಾಣಲ್ಲ," ಎಂದಳು ಅವಿನೊ.

ಚಪ್ಪರವನ್ನು ಅವಳೇ ಹಾಕಿದಳು. ಅದರ ಕೆಳಗೆ ಈಗ ಇರುವುದು ಜಾಲರಿಯ ಒಂದು ಕಂಬ. ಕಾವಲುಗಾರ ಅದಕ್ಕೆ ಕಸದ ಬುಟ್ಟಿ ನೇತುಹಾಕಿದ್ದಾನೆ, ಅವಳ ಹೆಸರು ಅದರ ಹಿಂದೆ ಮರೆಯಾಗಿದೆ. ಅವಿನೊ ಭಾನುವಾರ ಅಲ್ಲಿಗೆ ಹೋಗುವುದನ್ನು ಬಿಟ್ಟಳು. ಯಾರೂ ತಲೆ ಎತ್ತಿ ನೋಡದ ಕಡೆ ನಿಂತು ಮಾಡುವುದೇನು?

ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ ಮಟಾಟು ವ್ಯಾನಿನಲ್ಲಿ ಕೂತು ಕೆಲಸಕ್ಕೆ ಹೊರಟಿದ್ದಳು. ಗಾಡಿ ಮೇಲ್ಸೇತುವೆ ಹತ್ತಿತು. ಚಪ್ಪರದ ಮೇಲೆ ಅವಳ ಮರದ ತಲೆ ಕಾಣಿಸಿತು. ಡಬ್ಬಿಯ ಎಲೆಗಳು ತುಕ್ಕು ಹಿಡಿದು ಕಂದಾಗಿದ್ದವು, ಕೊಂಬೆಗಳು ಹಿಕ್ಕೆಯಿಂದ ಬಿಳುಚಿದ್ದವು. ಗೂಡುಗಳ ಅಂಚಿನಲ್ಲಿ ಬೆಳೆದ ಮರಿಗಳು ರೆಕ್ಕೆ ಬಡಿಯುತ್ತಿದ್ದವು. ಪಕ್ಕದಲ್ಲಿ ಕೂತಿದ್ದ, ಕೋಳಿಬುಟ್ಟಿ ಹಿಡಿದ ಹೆಂಗಸು ಕಿಟಕಿಯತ್ತ ಬಗ್ಗಿದಳು.

"ಅಲ್ನೋಡು ತಂಗಿ, ಜಾಲಿಮರ! ಈ ರಸ್ತೇಲಿದ್ದ ಮರ ಎಲ್ಲಾ ಬೋಳಿಸಿದ್ರು, ಇದೊಂದನ್ನ ಕಡಿಯೋಕೆ ಹೆಂಗೆ ಮರೆತ್ರೋ ಕಾಣೆ."

ಅದು ನಂದು, ತಳ್ಳುಗಾಡಿಯಿಂದ ಮಾಡಿದ್ದು ಅನ್ನಲು ಅವಿನೊ ಬಾಯಿ ತೆರೆದಳು. ಆ ಹೆಂಗಸು ಕತ್ತು ತಿರುಗಿಸಿ ಇನ್ನೂ ಮರವನ್ನೇ ನೋಡುತ್ತಿದ್ದಳು.

"ಹೌದಕ್ಕ, ಮರೆತಿರ್ಬೇಕು," ಎಂದಳು ಅವಿನೊ.