ಒಳಗೆ ಬಿಟ್ಟ ಬಟ್ಟೆ

ದರ್ಜಿ ಅಜ್ಜಿಯ ಮಡಿಲಿಂದ ಮೊಮ್ಮಗಳ ನೀಲಿ ಫ್ರಾಕು ನದಿಯ ಹಾಗೆ ಇಳಿದಿತ್ತು. ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ, ರಾಜಕುಮಾರಿಗೆ ದಾರಿ ತೋರಿಸುವ ಮುದಿ ಗುರು ಕೈಯೆತ್ತಿ ಸಮುದ್ರವನ್ನೇ ತಡೆದ.

“ಬುರುಡೆ ಬಿಡ್ಬೇಡ ಅಜ್ಜಿ! ನಿನ್ನೆ ಕಥೇಲಿ ದೀಪ ಹಚ್ಚೋಕೇ ಏದುಸಿರು ಬಿಡ್ತಿದ್ದೋನಿಗೆ ಇವತ್ತು ಇಷ್ಟು ಶಕ್ತಿ ಎಲ್ಲಿಂದ ಬಂತು?”

ಬೆಳೆಯೋ ಮಗು ಅಂತ ಫ್ರಾಕಿನ ಅಂಚಿನಲ್ಲಿ ಒಳಗೆ ಮಡಚಿ ಬಿಟ್ಟಿದ್ದ ಬಟ್ಟೆಯನ್ನು ಅಜ್ಜಿ ಬಿಚ್ಚಿ ಇಳಿಸುತ್ತಿದ್ದಳು.

“ನಿನ್ನೆ ನಿನಗೆ ಕತ್ತಲೆ ಭಯ, ದೀಪ ಸಾಕಿತ್ತು. ಇವತ್ತು ನಿಮ್ಮಮ್ಮ ಆಸ್ಪತ್ರೆ ಸೇರಿದ್ದಾಳೆ. ನಿನ್ನ ಭಯ ಬೆಳೆದ್ರೆ ಆ ಗುರುನೂ ಬೆಳೀಬೇಕಲ್ವೇನೇ?”

ಸಂಜೆಬೆಳಕಲ್ಲಿ ಕೋಣೆಯೇ ದೋಣಿಯಂತೆ ತೂಗಿತು. ಮೊಮ್ಮಗಳು ತೂಕಡಿಸುತ್ತಾ ಕೇಳಿದಳು: “ನಾಳೆಗೆ ಅಂತ ಅವನಿಗೂ ಒಳಗೆ ಬಟ್ಟೆ ಬಿಟ್ಟಿದ್ದೀಯಾ?”

“ಬೇಕಾದಷ್ಟು ಬಿಟ್ಟಿದ್ದೀನಿ ಕಣೇ,” ಅಂದಳು ಅಜ್ಜಿ.

ಫ್ರಾಕಿನೊಳಗೆ ಇನ್ನು ಇಳಿಸೋಕೆ ಒಂದು ಬೆರಳಗಲ ಬಟ್ಟೆಯೂ ಉಳಿದಿರಲಿಲ್ಲ.