ಬಲಗಣ್ಣಿನ ಗಾಜು

"ಲೆನ್ಸ್ ಒಳ್ಳೇದಿದೆ," ಎಂದರು ಮೇಷ್ಟ್ರು.

ಗೋಡೆಯ ಮೇಲೆ ಮೂಡಿದ್ದ ಹೂವಿನ ಚಿತ್ರದ ಬಗ್ಗೆ ಅವರು ಹೇಳಿದ್ದು ಅಷ್ಟೇ. ಭಾನುವಾರದ ಫೋಟೋ ಕ್ಲಾಸಿಗೆ ಬಂದಿದ್ದ ಇಪ್ಪತ್ತು ಮಂದಿ ನಕ್ಕರು. ಚಿತ್ರ ತೆಗೆದ ಕನ್ನಡಕದಂಗಡಿಯವನೂ ನಕ್ಕ, ನಗದೆ ವಿಧಿಯಿರಲಿಲ್ಲ. ಆ ಹೂವಿಗಾಗಿ ಅವನು ಬೆಳಗಿನ ಐದೂವರೆಗೆ ಎದ್ದು, ಟ್ರೈಪಾಡ್ ನಿಲ್ಲಿಸಿ, ಹೆಂಡತಿ ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿಯಿಂದ ಎಸಳಿನ ಮೇಲೆ ಹನಿ ಕೂರಿಸಿ, ಅರವತ್ತೆರಡು ಸಲ ಕ್ಲಿಕ್ಕಿಸಿದ್ದ. ಪುಸ್ತಕದಲ್ಲಿ ಹೇಳಿದಂತೆ ಹೂವನ್ನು ಚೌಕಟ್ಟಿನ ಮೂರನೇ ಒಂದು ಭಾಗದಲ್ಲಿ ಇಟ್ಟಿದ್ದ. ಹಿನ್ನೆಲೆಯನ್ನು ಬೆಣ್ಣೆಯ ಹಾಗೆ ಕರಗಿಸಿದ್ದ. ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಸಿಗದಿದ್ದದ್ದೇ ತಪ್ಪೇನೋ.

ಮುಂದಿನ ಚಿತ್ರ ಪೇಂಟರನದು. ಮನೆಗಳಿಗೆ ಸುಣ್ಣ ಬಣ್ಣ ಹೊಡೆಯುವವನು. ಅರ್ಧ ಬಣ್ಣ ಹೊಡೆದ ಮೆಟ್ಟಿಲ ಗೋಡೆ. ಒಣಗಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿದ ಆ ಮನೆಯ ಮುದುಕಿ, ಹಸಿರು ಮೆತ್ತಿಕೊಂಡ ತನ್ನ ಅಂಗೈ ನೋಡಿಕೊಂಡು, ಸಕ್ಕರೆ ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ ನಗುತ್ತಿದ್ದಳು. ಹಿಂದೆ ಗೋಡೆಯ ಮೇಲೆ ಐದು ಬೆರಳು.

ಮೇಷ್ಟ್ರು ಮೂವತ್ತು ವರ್ಷ ಪತ್ರಿಕೆಯಲ್ಲಿ ಫೋಟೋ ತೆಗೆದು ನಿವೃತ್ತರಾದವರು, ಹೊಗಳಿಕೆಯಲ್ಲಿ ಬಲು ಜಿಪುಣರು. ಅವರೇ ಕುರ್ಚಿಯಿಂದೆದ್ದು ಚಿತ್ರದ ಹತ್ತಿರ ಹೋದರು. "ಇವನಿಗೆ ಕಣ್ಣಿದೆ ಕಣ್ರೀ," ಎಂದರು.

ಕಣ್ಣಂತೆ! ಆ ಕಣ್ಣನ್ನು ಕನ್ನಡಕದವನು ಚೆನ್ನಾಗಿ ಬಲ್ಲ. ಎರಡರ ನಂಬರೂ ಅವನ ಅಂಗಡಿಯ ರಿಜಿಸ್ಟರಿನಲ್ಲಿದೆ. ಕನ್ನಡಕ ತೆಗೆದರೆ ಪೇಂಟರನ ಬಲಗಣ್ಣಿಗೆ ಗೋಡೆಗೆ ತೂಗುಹಾಕಿದ ಅಕ್ಷರಗಳಲ್ಲಿ ಮೂರನೆಯ ಸಾಲೂ ಕಾಣುವುದಿಲ್ಲ. ತನ್ನ ಎರಡೂ ಕಣ್ಣು ಕೊನೆಯ ಸಾಲಿನವರೆಗೆ ಗಿಣಿಪಾಠದಂತೆ ಓದುತ್ತವೆ. ಇಪ್ಪತ್ತು ವರ್ಷದಿಂದ ಊರಿಗೆಲ್ಲ ಕಣ್ಣು ಕೊಟ್ಟವನು ತಾನು, ಕಣ್ಣಿರುವುದು ಮಾತ್ರ ಪೇಂಟರನಿಗೆ.

ಹೊಟ್ಟೆ ಉರಿಯಲು ಇನ್ನೂ ಒಂದು ಕಾರಣವಿತ್ತು. ಪೇಂಟರನ ಕೈಯಲ್ಲಿದ್ದ ಕ್ಯಾಮೆರಾ ಇವನದೇ. ಎರಡು ವರ್ಷದ ಹಿಂದೆ ಅಂಗಡಿಗೆ ಬಣ್ಣ ಹೊಡೆಯಲು ಬಂದವನು, ಕಪಾಟಿನಲ್ಲಿದ್ದ ಕ್ಯಾಮೆರಾ ಕಂಡು, "ಅಣ್ಣಾ, ಇದು ಹೆಂಗೆ ಕೆಲಸ ಮಾಡುತ್ತೆ?" ಎಂದು ಕೇಳಿದ್ದ. ಕೇಳುವವರು ಸಿಕ್ಕರೆ ಯಾರಿಗೆ ತಾನೇ ಗುರುವಾಗುವ ಆಸೆಯಿರುವುದಿಲ್ಲ? ಬಣ್ಣದ ಡಬ್ಬದ ಮೇಲೆ ಅವನನ್ನು ಕೂರಿಸಿ, ಬೆಳಕು ಒಳಗೆ ಬರುವ ಕಿಂಡಿ ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆಯಬೇಕು ಎಂದೆಲ್ಲ ಹೇಳಿಕೊಟ್ಟಿದ್ದ. ತಾನು ಹೊಸ ಕ್ಯಾಮೆರಾ ಕೊಂಡಾಗ ಹಳೆಯದನ್ನು "ಇಟ್ಕೋ, ಕಲಿ" ಎಂದು ಕೊಟ್ಟಿದ್ದ. ಮೇಷ್ಟ್ರ ಕ್ಲಾಸಿಗೆ ಕರೆದುಕೊಂಡು ಬಂದವನೂ ತಾನೇ. ಪೇಂಟರ್ ಇವತ್ತಿಗೂ ಸಿಕ್ಕವರಿಗೆಲ್ಲ, "ನನ್ನ ಗುರುಗಳು ಇವರೇ" ಎಂದು ತೋರಿಸುತ್ತಿದ್ದ. ಅದು ಉರಿಗೆ ತುಪ್ಪ ಸುರಿದಂತಾಗುತ್ತಿತ್ತು.

ಕ್ಲಾಸು ಮುಗಿಯುವಾಗ ಮೇಷ್ಟ್ರು ಹೇಳಿದರು: ಮುಂದಿನ ತಿಂಗಳು ಲೈಬ್ರರಿಯಲ್ಲಿ ಪ್ರದರ್ಶನ. ವಿಷಯ, ದುಡಿಯುವ ಕೈ. ಚಿತ್ರ ಹತ್ತು ದಿನದೊಳಗೆ ಕಳಿಸಬೇಕು. ಹನ್ನೆರಡೇ ಚಿತ್ರ, ಒಬ್ಬರಿಗೆ ಒಂದೇ. ಉಳಿದ ಎಂಟು ಮಂದಿ ಬಂದು ಚಪ್ಪಾಳೆ ತಟ್ಟಬಹುದು.

ಕಳೆದ ವರ್ಷ ಕನ್ನಡಕದವನು ಚಪ್ಪಾಳೆ ತಟ್ಟಿದವರಲ್ಲಿದ್ದ.

"ಮತ್ತೆ ಅವನದ್ದೇ ಚೆನ್ನಾಗಿತ್ತಾ?" ಎಂದು ಕೇಳಿದಳು ಹೆಂಡತಿ, ಅವನು ಮನೆಗೆ ಬಂದು ಚೀಲ ಇಟ್ಟ ಸದ್ದಿನಲ್ಲೇ ತಿಳಿದುಕೊಂಡು.

"ಅದೃಷ್ಟ. ಮುದುಕಿ ಎದುರಿಗೆ ಬಂದ್ಲು, ಒತ್ತಿದ."

"ನಮ್ಮ ಎದುರಿಗೂ ಮುದುಕೀರು ಬರ್ತಾರಲ್ಲ."

"ನೀನು ಸುಮ್ನಿರು. ಆ ಕ್ಯಾಮೆರಾನೇ ಹಾಗೆ. ನನ್ನ ಹೊಸದರಲ್ಲಿ ಬಣ್ಣ ಸ್ವಲ್ಪ ತಣ್ಣಗೆ ಬರುತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಅವಳು ಒಳಗೆ ಹೋದಳು.

ಬುಧವಾರ ಪೇಂಟರ್ ಅಂಗಡಿಗೆ ಬಂದ, ಅಂಗೈಯಲ್ಲಿ ತನ್ನ ಕನ್ನಡಕದ ಅವಶೇಷ ಹಿಡಿದುಕೊಂಡು. ಏಣಿಯ ಮೇಲಿಂದ ಜಾರಿ ಬಿದ್ದದ್ದನ್ನು ತಾನೇ ಇಳಿದು ಬಂದು ತುಳಿದಿದ್ದ. "ಹುಡುಕೋಕೆ ಕನ್ನಡಕ ಬೇಕಿತ್ತಲ್ಲ ಅಣ್ಣಾ," ಎಂದು ನಕ್ಕ.

ಕನ್ನಡಕದವನು ಅವನನ್ನು ಕೂರಿಸಿ ಕಣ್ಣು ಪರೀಕ್ಷಿಸಿದ. ನಂಬರು ಹಿಂದಿನದೇ. ಎಡಗಣ್ಣು ಸಾಧಾರಣ. ಬಲಗಣ್ಣು ಮಾತ್ರ ತಕರಾರಿನದು: ಅದರ ಗಾಜಿಗೆ ನಂಬರಿನ ಜೊತೆ ಒಂದು ಕೋನವೂ ಇರುತ್ತದೆ, ತೊಂಬತ್ತು ಡಿಗ್ರಿ. ಗಾಜು ಫ್ರೇಮಿನಲ್ಲಿ ಸರಿಯಾಗಿ ಅದೇ ಕೋನಕ್ಕೆ ಕೂರಬೇಕು. ಸ್ವಲ್ಪ ತಿರುಗಿ ಕೂತರೆ ಕಂಬ ವಾಲುತ್ತದೆ, ನೆಲ ಇಳಿಜಾರಾಗುತ್ತದೆ. ಚೀಟಿಯಲ್ಲಿ ದಪ್ಪಗೆ 90 ಎಂದು ಬರೆದ. ಪೇಂಟರ್ ಕ್ಯಾಮೆರಾಕ್ಕೆ ಇಡುವುದೂ ಬಲಗಣ್ಣನ್ನೇ.

"ಅಣ್ಣಾ, ನೀವು ಕೆಲಸ ಮಾಡೋದನ್ನ ಒಂದೆರಡು ಫೋಟೋ ತೆಗೀಲಾ? ಪ್ರದರ್ಶನಕ್ಕೆ ಕೈ ಬೇಕಲ್ಲ."

"ನಿಂಗೆ ಈಗ ಏನೂ ಕಾಣಲ್ವಲ್ಲೋ!"

"ಕ್ಯಾಮೆರಾಗೆ ಕಾಣುತ್ತಲ್ಲ. ಕಿಟಕಿ ಬೆಳಕು ಚೆನ್ನಾಗಿದೆ, ಬಿಡೋಕೆ ಮನಸ್ಸು ಬರ್ತಿಲ್ಲ."

ತೆಗೆದುಕೋ ಎಂದ. ಕುರುಡ ತೆಗೆದ ಚಿತ್ರ ಎಷ್ಟು ಚೆಂದ ಬಂದೀತು ಎಂದುಕೊಂಡ.

ಕಿಟಕಿಯ ಪಕ್ಕದ ಮೇಜಿನ ಮೇಲೆ ಕೋನಗಳ ಅಂಕಿ ಮುದ್ರಿಸಿದ ಹಾಳೆ ಅಂಟಿಸಿತ್ತು. ಗಾಜನ್ನು ಅದರ ನಡುವೆ ಇಟ್ಟು, ಬೇಕಾದ ಕೋನಕ್ಕೆ ತಿರುಗಿಸಿ, ಪೆನ್ನಿನಿಂದ ಗುರುತು ಹಾಕಿ, ಆಮೇಲೆ ಯಂತ್ರಕ್ಕೆ ಕೊಟ್ಟು ಕತ್ತರಿಸಬೇಕು. ಈಗಿನ ದೊಡ್ಡ ಅಂಗಡಿಗಳಲ್ಲಿ ಅದನ್ನೂ ಯಂತ್ರವೇ ಮಾಡುತ್ತದೆ. ಇವನಿಗೆ ಕೈಯ ಮೇಲೆಯೇ ನಂಬಿಕೆ. ಗಾಜನ್ನು ತೊಂಬತ್ತಕ್ಕೆ ತಂದು ನಿಲ್ಲಿಸಿದ. ಬೆನ್ನ ಹಿಂದೆ, ಪಕ್ಕದಲ್ಲಿ ಪೇಂಟರ್ ಸದ್ದಿಲ್ಲದೆ ಓಡಾಡುತ್ತಿದ್ದ. ಇವನಿಗೆ ಕಣ್ಣಿದೆ ಕಣ್ರೀ.

ಬೆರಳು ಗಾಜನ್ನು ತಿರುಗಿಸಿತು. ಎಂಬತ್ತೈದು. ಎಂಬತ್ತು. ಕೈ ತಪ್ಪಿತು ಎಂದು ಯಾರಿಗಾದರೂ ಹೇಳಬಹುದಿತ್ತು, ಆದರೆ ಕೈ ತಪ್ಪಿರಲಿಲ್ಲ. ಪ್ರದರ್ಶನಕ್ಕೆ ಚಿತ್ರ ಕೊಡುವವರೆಗೆ ಆ ಕಣ್ಣು ಕೊಂಚ ಮಂಕಾದರೆ ಯಾರ ಗಂಟೇನು ಹೋಗುತ್ತದೆ? ಆಮೇಲೆ ಬಂದರೆ ಸರಿಮಾಡಿಕೊಟ್ಟರಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎಪ್ಪತ್ತೈದಕ್ಕೆ ನಿಲ್ಲಿಸಿ ಪೆನ್ನು ಇಳಿಸಿದ. ಅದೇ ಹೊತ್ತಿಗೆ ಕ್ಲಿಕ್ ಎಂದಿತು.

ಒಂದು ಗಂಟೆಯಲ್ಲಿ ಕನ್ನಡಕ ಸಿದ್ಧವಾಯಿತು. ಪೇಂಟರ್ ಹಾಕಿಕೊಂಡು ಎರಡು ಹೆಜ್ಜೆ ನಡೆದು ನಿಂತ. "ನೆಲ ಯಾಕೋ ಓರೆ ಕಾಣುತ್ತಲ್ಲ ಅಣ್ಣಾ?"

"ಹೊಸ ಗಾಜು ಅಲ್ವಾ, ನಾಲ್ಕು ದಿನ ಹಾಕ್ಕೋ. ಒಗ್ಗುತ್ತೆ."

ಇಪ್ಪತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಹೇಳುವ ಮಾತು. ಹೆಚ್ಚಿನ ಸಲ ಅದು ನಿಜವೂ ಆಗಿರುತ್ತದೆ. ಪೇಂಟರ್ ತಲೆಯಾಡಿಸಿ ಹೋದ, ಹೊಸ್ತಿಲಲ್ಲಿ ಒಮ್ಮೆ ಎಡವಿ.

ಆ ನಾಲ್ಕೈದು ದಿನ ಕನ್ನಡಕದವನಿಗೆ ಒಳ್ಳೆಯ ಹುಮ್ಮಸ್ಸು. ಬೀದಿಯ ಕೊನೆಯಲ್ಲಿ ಚಪ್ಪಲಿ ಹೊಲಿಯುವವನ ಎದುರು ಟ್ರೈಪಾಡ್ ನಿಲ್ಲಿಸಿ, "ಕೈ ಅಲ್ಲೇ ಇರಲಿ, ಸೂಜಿ ಇನ್ನೂ ಸ್ವಲ್ಪ ಮೇಲೆ, ಅಲ್ಲಾಡಬೇಡ" ಎಂದು ಮುಕ್ಕಾಲು ಗಂಟೆ ಅವನ ವ್ಯಾಪಾರ ಕೆಡಿಸಿದ. ಚಿತ್ರ ಚಾಕುವಿನಷ್ಟು ಹರಿತವಾಗಿ ಬಂತು. ಮೇಷ್ಟ್ರಿಗೆ ಕಳಿಸಿದ.

ಮಂಗಳವಾರ ಅಂಗಡಿ ಬಾಗಿಲು ತೆರೆಯುವಾಗ ಎದುರಿನ ಕಟ್ಟಡದ ಮೂರನೆಯ ಮಹಡಿಯ ಎತ್ತರಕ್ಕೆ ಏಣಿ ನಿಂತಿತ್ತು. ತುದಿಯಲ್ಲಿ ಪೇಂಟರ್. ಆಕಾಶ, ಬಿಳಿ ಗೋಡೆ, ಒಬ್ಬ ಮನುಷ್ಯ, ಕೈಯಲ್ಲಿ ಬ್ರಷ್ಷು. ದುಡಿಯುವ ಕೈ ಎಂದರೆ ಇದೇ ಅಲ್ಲವೇ? ಚಿತ್ರ ಬದಲಾಯಿಸಲು ಇನ್ನೂ ಒಂದು ದಿನವಿತ್ತು. ಕನ್ನಡಕದವನು ಉದ್ದನೆಯ ಲೆನ್ಸ್ ಸಿಕ್ಕಿಸಿ, ಅಂಗಡಿಯ ಮುಂದೆ ನಿಂತು ಕಣ್ಣಿಟ್ಟ.

ಲೆನ್ಸಿನೊಳಗೆ ಪೇಂಟರ್ ಕೈಗೆಟುಕುವಷ್ಟು ಹತ್ತಿರ ಬಂದ. ಕಿಟಕಿಯ ಅಂಚಿಗೆ ಎಳೆದ ಗೆರೆ ಸೊಟ್ಟಗಾಗಿತ್ತು. ಬಟ್ಟೆಯಿಂದ ಒರೆಸಿ ಮತ್ತೆ ಎಳೆದ. ಮತ್ತೆ ಸೊಟ್ಟ. ಕನ್ನಡಕ ಮೇಲೆತ್ತಿ ಹಣೆ ಒತ್ತಿಕೊಂಡ. ಆಮೇಲೆ ಇಳಿಯಲೆಂದು ಎಡಗಾಲು ಕೆಳಗೆ ಬಿಟ್ಟ. ಮೆಟ್ಟಿಲು ಇಲ್ಲಿರಬೇಕು ಎಂದುಕೊಂಡ ಜಾಗದಲ್ಲಿ ಮೆಟ್ಟಿಲಿರಲಿಲ್ಲ. ಪಾದ ಗಾಳಿಯಲ್ಲಿ ತಡಕಾಡಿತು, ಪಕ್ಕಕ್ಕೆ ಹೋಯಿತು, ಹೆಬ್ಬೆರಳು ತಗುಲಿ ಜಾರಿತು.

ಇಷ್ಟು ವರ್ಷದಲ್ಲಿ ಕನ್ನಡಕದವನ ಕ್ಯಾಮೆರಾದೊಳಗೆ ಅಂಥ ಚಿತ್ರ ಬಂದಿರಲಿಲ್ಲ. ಗುಂಡಿ ಒತ್ತುವುದು ಅವನಿಗೆ ನೆನಪಾಗಲೇ ಇಲ್ಲ. ಕೊರಳಲ್ಲಿ ಕ್ಯಾಮೆರಾ ಬಡಿದುಕೊಳ್ಳುತ್ತಿದ್ದಂತೆ ರಸ್ತೆ ದಾಟಿ ಓಡಿ, ಏಣಿಯ ಬುಡವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದ.

"ಕನ್ನಡಕ ತೆಗಿ! ತೆಗೆದು ಜೇಬಿಗೆ ಹಾಕು. ಕಾಲಲ್ಲಿ ಮುಟ್ಟಿ ನೋಡ್ಕೊಂಡು ಇಳಿ. ನಾನು ಹಿಡ್ಕೊಂಡಿದ್ದೀನಿ!"

ಪೇಂಟರ್ ಇಳಿದ. "ಏನಾಯ್ತಣ್ಣಾ? ಬೆವೆತುಬಿಟ್ಟಿದ್ದೀರಲ್ಲ."

"ಕನ್ನಡಕ ಕೊಡು." ಏದುಸಿರಿನಲ್ಲೇ ಹೇಳಿದ. "ತಪ್ಪಾಗಿದೆ. ಯಂತ್ರ ಕೈಕೊಟ್ಟಿದೆ. ತೊಂಬತ್ತಕ್ಕೆ ಕೂರಬೇಕಾದ ಗಾಜನ್ನ ಎಪ್ಪತ್ತೈದಕ್ಕೆ ಕತ್ತರಿಸಿಬಿಟ್ಟಿದೆ."

ನಿಜ ನಾಲಿಗೆಯ ತುದಿಯವರೆಗೆ ಬಂದಿತ್ತು. ಮುಂದಿನ ಮಾತಿಗೆ ಯಂತ್ರ ಅಡ್ಡ ಬಂತು, ಅಷ್ಟೇ.

"ಯಂತ್ರ ಅಂದ್ಮೇಲೆ ಕೈಕೊಡದೆ ಇರುತ್ತಾ?" ಪೇಂಟರ್ ಇವನ ಭುಜ ತಟ್ಟಿ ಸಮಾಧಾನ ಮಾಡಿದ. "ನಂಗೂ ಡೌಟು ಬಂದಿತ್ತು, ಆದ್ರೆ ಒಗ್ಗುತ್ತೆ ಅಂದ್ರಲ್ಲ ಅಂತ ಸುಮ್ನಿದ್ದೆ. ನೀವು ನೋಡಿದ್ದು ಒಳ್ಳೇದಾಯ್ತು. ಇಲ್ಲಾಂದ್ರೆ ಇವತ್ತು ಹಲ್ಲು ಹೋಗ್ತಿತ್ತು."

ಹೋಗುತ್ತಿದ್ದದ್ದು ಹಲ್ಲಷ್ಟೇ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅಂಗಡಿಗೆ ಬಂದು ಕನ್ನಡಕದವನು ಹೊಸ ಗಾಜು ತೆಗೆದು, ಮೂರು ಸಲ ಅಳೆದು, ತೊಂಬತ್ತಕ್ಕೆ ಗುರುತು ಹಾಕಿದ. ಪೇಂಟರ್ ಹಾಕಿಕೊಂಡು ಬೀದಿಯನ್ನು ಉದ್ದಕ್ಕೂ ನೋಡಿ, "ಎಲ್ಲಾ ನೆಟ್ಟಗಾಯ್ತು!" ಎಂದ.

ಪ್ರದರ್ಶನದ ದಿನ ಕನ್ನಡಕದವನು ಹೆಂಡತಿಯ ಜೊತೆ ಹೋದ. ಹನ್ನೆರಡರಲ್ಲಿ ಅವನ ಚಪ್ಪಲಿ ಹೊಲಿಯುವವನು ಇರಲಿಲ್ಲ. ಆದರೆ ಕನ್ನಡಕದವನು ತಾನೇ ಇದ್ದ. ಲೈಬ್ರರಿಯ ಮೊಗಸಾಲೆಯ ಕೊನೆಯ ಗೋಡೆಯಲ್ಲಿ, ಬಾಗಿಲಿನಷ್ಟು ದೊಡ್ಡ ಚೌಕಟ್ಟಿನೊಳಗೆ, ಕಿಟಕಿಯ ಬೆಳಕಿನಲ್ಲಿ ಮೇಜಿನ ಮೇಲೆ ಬಾಗಿದ್ದ. ಬಲಗೈಯಲ್ಲಿ ಪೆನ್ನು, ಎಡಗೈ ಬೆರಳ ತುದಿಯಲ್ಲಿ ಗಾಜು. ತುಟಿ ಬಿಗಿದಿತ್ತು. ಕಣ್ಣು ಕಿರಿದಾಗಿತ್ತು.

"ನೋಡ್ರಿ ಈ ಮುಖಾನ," ಎಂದು ಮೇಷ್ಟ್ರು ನಾಲ್ಕು ಜನಕ್ಕೆ ತೋರಿಸುತ್ತಿದ್ದರು. "ಕೆಲಸದ ಮೇಲೆ ಎಂಥ ಶ್ರದ್ಧೆ! ಪ್ರಪಂಚಾನೇ ಮರೆತಿದ್ದಾರೆ." ಜನ ಚಿತ್ರವನ್ನೂ ಅವನನ್ನೂ ತಾಳೆ ನೋಡಿ ಕೈ ಕುಲುಕಿದರು. ಎರಡು ವರ್ಷದಿಂದ ಅವನು ಕಾಯುತ್ತಿದ್ದ ಹೊಗಳಿಕೆ ಹೀಗೆ ಬಂತು.

ಹೆಂಡತಿ ಮಾತ್ರ ತುಂಬ ಹೊತ್ತು ನೋಡಿದಳು. "ಈ ಮುಖ ನಂಗೆ ಗೊತ್ತು," ಎಂದಳು.

"ಗೊತ್ತಿರದೆ ಏನು, ನಂದೇ ಅಲ್ವಾ."

"ಹಾಗಲ್ಲ. ಭಾನುವಾರ ಕ್ಲಾಸಿಂದ ಬಂದಾಗ ಇರೋ ಮುಖ."

ಅವನು ಮುಖದ ಕಡೆ ನೋಡುತ್ತಿರಲಿಲ್ಲ. ಮೇಜಿನ ಮೇಲಿನ ಹಾಳೆಯನ್ನು ನೋಡುತ್ತಿದ್ದ. ಅಂಕಿಗಳು ಒಂದೊಂದೂ ಬೆಂಕಿಪೊಟ್ಟಣದಷ್ಟು ದೊಡ್ಡದಾಗಿ ನಿಂತಿದ್ದವು. ಪಕ್ಕದಲ್ಲಿ ಚೀಟಿ, ಅದರ ಮೇಲೆ ಅವನದೇ ಕೈಬರಹದಲ್ಲಿ 90. ಪೆನ್ನಿನ ಮೊನೆ ಊರಿದ್ದು 75ರ ಮೇಲೆ. ಹಳೆಯ ಕ್ಯಾಮೆರಾ, ಆದರೂ ಎಷ್ಟು ಸ್ಪಷ್ಟ. ಲೆನ್ಸ್ ಒಳ್ಳೆಯದು.

"ಅಣ್ಣಾ! ಅತ್ತಿಗೇನೂ ಬಂದಿದ್ದಾರೆ!" ಇಸ್ತ್ರಿ ಮಾಡಿದ ಅಂಗಿಯಲ್ಲಿ ಪೇಂಟರ್ ಬಂದು ಪಕ್ಕ ನಿಂತ. "ಇಷ್ಟು ದೊಡ್ಡದಾಗಿ ನಾನೂ ಈಗಲೇ ನೋಡ್ತಿರೋದು. ಕ್ಯಾಮೆರಾದ ಪುಟ್ಟ ಪರದೇಲಿ ಏನು ಕಾಣುತ್ತೆ? ಬೆಳಕು ಮಾತ್ರ ನೋಡಿ ಕಳಿಸಿದ್ದೆ." ಹತ್ತಿರ ಹೋದ. ಮುಖ ನೋಡಿದ, ಕೈ ನೋಡಿದ, ಬಗ್ಗಿ ಹಾಳೆಯನ್ನು ನೋಡಿದ. ಅವನ ಬೆರಳು ಚೌಕಟ್ಟಿನ ಗಾಜಿಗೆ ತಗುಲದಷ್ಟು ದೂರದಲ್ಲಿ ಚೀಟಿಯಿಂದ ಪೆನ್ನಿಗೆ, ಪೆನ್ನಿನಿಂದ ಚೀಟಿಗೆ ಹೋಯಿತು. ಅಲ್ಲೇ ನಿಂತಿತು.

ಪೇಂಟರ್ ಕನ್ನಡಕ ತೆಗೆದ. ಅಂಗಿಯ ಅಂಚಿನಲ್ಲಿ ನಿಧಾನವಾಗಿ ಒರೆಸಿದ. ಹಾಕಿಕೊಂಡು ಮತ್ತೆ ನೋಡಿದ.

ಕನ್ನಡಕದವನು ಏನಾದರೂ ಹೇಳಬೇಕೆಂದು ಬಾಯಿ ತೆರೆದ.

"ಚೌಕಟ್ಟು ಓರೆಯಾಗಿದೆ," ಎಂದ ಪೇಂಟರ್, ತಿರುಗಿ ನೋಡದೆ. "ಆ ಕಡೆ ಹಿಡ್ಕೊಳ್ಳಿ."

ಆ ಮಾತಿನ ಕೊನೆಗೆ ಅಣ್ಣಾ ಎಂದು ಬರುತ್ತದೆಂದು ಕನ್ನಡಕದವನು ಕಾದ. ಬರಲಿಲ್ಲ. ಕೊನೆಯ ಸಾಲಿನವರೆಗೆ ಓದುವ ಅವನ ಕಣ್ಣಿಗೆ ಚೌಕಟ್ಟು ನೆಟ್ಟಗೇ ಇತ್ತು. ಆದರೂ ಹೋಗಿ, ಎರಡೂ ಕೈ ಎತ್ತಿ, ತನ್ನ ಕಡೆಯ ಮೂಲೆಯನ್ನು ಹಿಡಿದುಕೊಂಡು ನಿಂತ.