ನಾವೇ ಮುಚ್ಚಿದ ಈಜುಕೊಳ

ನಮ್ಮ ಬೀದಿಯ ಕೊನೆಗೆ ಒಂದು ಈಜುಕೊಳ ಇತ್ತು. ಊರಿನವರೆಲ್ಲ ಸೇರಿ ಕಟ್ಟಿದ್ದು. ಕಲ್ಲಿನ ಮೆಟ್ಟಿಲು, ಬಟ್ಟೆ ಬದಲಾಯಿಸೋಕೆ ಕೋಣೆ, ಆಳ ಎಲ್ಲಿಂದ ಶುರು ಅಂತ ತೋರಿಸೋ ಹಗ್ಗ. ಬೆಳಿಗ್ಗೆ ಹೆಂಗಸರು, ಸಂಜೆ ಗಂಡಸರು, ರಜೆ ಬಂತು ಅಂದ್ರೆ ಮಕ್ಕಳದೇ ರಾಜ್ಯ. ಒಂದು ವರ್ಷ ಪಂಪು ಕೆಟ್ಟಿತು. ಯಾರೂ ಕೇಳಲಿಲ್ಲ. ನೀರು ನಾರಿತು, ಗೇಟಿಗೆ ಬೀಗ ಬಿತ್ತು. ಯಾರೋ ಹಳೇ ಮನೆ ಒಡೆದ ಮಣ್ಣು ತಂದು ಸುರಿದರು. ಆಮೇಲೆ ಗೋಡೆಯಾಚೆ ಕಸ ಎಸೆಯೋದು ಎಲ್ಲರಿಗೂ ರೂಢಿಯಾಯ್ತು.

ಬೀದಿಯ ಟೈಲರ್ ಕೂಡ ಅಂಗಡಿಯ ಚಿಂದಿ ಗಂಟು ಕಟ್ಟಿ ಅಲ್ಲಿಗೇ ಎಸೀತಿದ್ದ. ಹೆಂಡತಿ ಬೇಡ ಅಂದ್ರೆ, "ಊರೆಲ್ಲ ಹಾಕುತ್ತೆ, ನನ್ನದೊಂದು ಗಂಟೇ ಭಾರವಾಯ್ತಾ?" ಅಂತಿದ್ದ.

ಈಚೆಗೆ ಅವನ ತಂಗಿ ತನ್ನ ಮಗಳನ್ನ ಕರ್ಕೊಂಡು ಬಂದಳು. ತನ್ನೂರಲ್ಲಿ ಮಕ್ಕಳಿಗೆ ಈಜು ಹೇಳಿಕೊಡ್ತಾಳೆ. ಅವಳಿಗೆ ಕಲಿಸಿದ್ದು ಈ ಅಣ್ಣನೇ, ಇದೇ ಕೊಳದಲ್ಲಿ. ಬಂದ ದಿನವೇ ಟೈಲರ್ ಸೋದರ ಸೊಸೆಗೆ ಹಸಿರು ಗೆರೆಯ ಫ್ರಾಕು ಹೊಲಿದುಕೊಟ್ಟ. ಮರುದಿನ ತಂಗಿ ಕೊಳ ತೋರಿಸು ಅಂದಳು. ಬಿಸಿಲು, ಬೀಗ ಹಾಕಿದೆ ಅಂತ ಏನೇನೋ ನೆಪ ಹೇಳಿದ. ಅವಳು ಬಿಡಲಿಲ್ಲ.

ಮುರಿದ ಗೋಡೆ ದಾಟಿದರೆ ಮೆಟ್ಟಿಲೇ ಕಾಣಿಸಲಿಲ್ಲ. ಮೂಗು ಮುಚ್ಚಿಕೊಂಡ ಹುಡುಗಿ ಕಾಲ ಹತ್ತಿರ ಬಿದ್ದಿದ್ದ ಗಂಟೊಂದನ್ನ ತೋರಿಸಿದಳು. ಗಂಟು ಬಿಚ್ಚಿಹೋಗಿ ಹಸಿರು ಗೆರೆಯ ಚೂರುಗಳು ಹೊರಗೆ ಬಂದಿದ್ದವು.

"ಮಾಮ, ಇದು ನನ್ನ ಫ್ರಾಕಿನ ಬಟ್ಟೆ."

ಟೈಲರ್ ತಲೆ ಎತ್ತಲಿಲ್ಲ. ತಂಗಿ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಈಗ ಈ ಬೀದಿಯ ಮಕ್ಕಳು ಎಲ್ಲಿ ಈಜು ಕಲೀತಾರೆ ಅಂತ ಕೇಳಿದಳು, ಅಷ್ಟೆ. ಎಲ್ಲೂ ಇಲ್ಲ ಅಂದ. ಆಮೇಲೆ ತಾನಾಗೇ, ಕಳೆದ ಬೇಸಿಗೆಯಲ್ಲಿ ಕಟಿಂಗ್ ಶಾಪಿನವನ ಮಗಳು ಕಲ್ಲು ಕ್ವಾರಿಯ ನೀರಿಗೆ ಇಳಿದು ಮುಳುಗಿಹೋದದ್ದನ್ನ ಹೇಳಿದ. ಈಜು ಬರ್ತಿರಲಿಲ್ಲ ಅಂದ.

"ಇಲ್ಲಿ ಕಲೀಬಹುದಿತ್ತಲ್ಲ ಅಣ್ಣ," ಅಂದಳು ತಂಗಿ.

ಮಾರನೆ ಬೆಳಿಗ್ಗೆ ಟೈಲರ್ ಅಂಗಡಿ ತೆಗೆಯಲಿಲ್ಲ. ಗುದ್ದಲಿ, ಬುಟ್ಟಿ ಹಿಡಿದು ಎಲ್ಲರೆದುರೇ ಕೊಳಕ್ಕೆ ಇಳಿದ. ಹೆಂಡತಿ, ತಂಗಿ ಹಿಂದೆಯೇ ಹೋದರು. ನೋಡಿ ಕೆಲವರು ನಕ್ಕರು. ಅಷ್ಟರಲ್ಲಿ ಕಟಿಂಗ್ ಶಾಪಿನವನು ಬಂದ. ಬಂದವನೇ ಬುಟ್ಟಿಯ ಇನ್ನೊಂದು ಕಿವಿ ಹಿಡಿದ. ಟೈಲರಿಗೆ ಅವನ ಮುಖ ನೋಡೋಕಾಗಲಿಲ್ಲ. ಆಮೇಲೆ ನಗ್ತಿದ್ದವರೂ ಒಬ್ಬೊಬ್ಬರಾಗಿ ಇಳಿದರು.

ಕೊಳಕ್ಕೆ ಇನ್ನೂ ನೀರು ಬಂದಿಲ್ಲ. ಪಂಪಿಗಾಗಿ ಬೀದಿಯವರೆಲ್ಲ ಪುರಸಭೆಗೆ ಹೋಗಿ ಕೇಳಿ ಬಂದಿದ್ದೇವೆ. ಮೇಲಿನ ಮೆಟ್ಟಿಲು ಕಾಣ್ತಿವೆ.

ನೀವೂ ಒಮ್ಮೆ ನಿಮ್ಮೂರ ಕೊಳದ ಹತ್ತಿರ ಹೋಗಿ, ಬಗ್ಗಿ ನೋಡಿ. ನಿಮ್ಮ ಮನೆಯ ಕಸ ಅಲ್ಲಿದ್ರೆ ನಾಚಿಕೆ ಆಗಲಿ, ತಪ್ಪಿಲ್ಲ. ಆದ್ರೆ ನಾಚಿಕೊಂಡು ವಾಪಸ್ ಹೋಗಬೇಡಿ. ಕಸ ಎತ್ತಿ. ಮಕ್ಕಳಿಗೆ, ಚೆನ್ನಾಗಿ ಈಜು ಬರೋರ ಕೈಲಿ, ಈಜು ಕಲಿಸಿ.